ಹಾಲಿಲ್ಲದ ಬಲವೂ ಬಾಹುಬಲಿಯ ಮೂರು ಯುದ್ಧಗಳೂ

ಜೈನ ಸಮಾಜದಲ್ಲಿ ಮಾಂಸ ತಿನ್ನುವವನನ್ನು ಕಂಡು ಮರುಗುವವರಿದ್ದಾರೆ. ಕಂದಮೂಲ ತಿನ್ನುವವನನ್ನು ಕಂಡು ಮೂಗು ಮುರಿಯುವವರಿದ್ದಾರೆ. ಹಾಲು ಬಿಟ್ಟವನನ್ನು ಕಂಡರೆ ಮಾತ್ರ ಎಲ್ಲರೂ ಒಂದಾಗಿ ನಗುತ್ತಾರೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪೇಟೆಬೀದಿಯ ಯಾವುದೇ ಶ್ರಾವಕರ ಮನೆಯಲ್ಲಿ, ಬೆಂಗಳೂರಿನಿಂದ ರಜೆಗೆ ಬಂದ ಮಗಳು "ಅಮ್ಮಾ, ನನಗೆ ಮೊಸರು ಬೇಡ, ತುಪ್ಪವೂ ಬೇಡ" ಎಂದು ನೋಡಲಿ. "ಹಾಲಿಲ್ಲದೆ ಮೈಗೆ ಕಸುವು ಎಲ್ಲಿಂದ ಬರಬೇಕು?" ಎಂಬ ಪ್ರಶ್ನೆ ಎದುರಾಗದೆ ಇರದು. ಅದೇ ಮಗಳು ಬೆಳಗಾಗುತ್ತಲೇ ಓಡಲು, ಸೈಕಲ್ ತುಳಿಯಲು, ಈಜಲು ಹೊರಟರೆ ಎರಡನೆಯ ಪ್ರಶ್ನೆ ಸಿದ್ಧವಾಗಿರುತ್ತದೆ: "ನಮ್ಮಂಥವರಿಗೆ ಇದೆಲ್ಲ ಏಕೆ?"

ಈ ಎರಡು ಪ್ರಶ್ನೆಗಳೂ ಶಾಸ್ತ್ರದಿಂದ ಹುಟ್ಟಿದವಲ್ಲ, ಗಾದಿಯ ಮೇಲಿನ ದಿಂಬಿಗೆ ಒರಗಿ ಕುಳಿತ ಅಭ್ಯಾಸದಿಂದ ಹುಟ್ಟಿದವು. ಹಾಲು, ತುಪ್ಪ, ಜೇನು, ರೇಷ್ಮೆ, ಚರ್ಮ ಯಾವುದನ್ನೂ ಪ್ರಾಣಿಯಿಂದ ಪಡೆಯೆನೆಂಬ ನಿಯಮಕ್ಕೆ ಇಂಗ್ಲೆಂಡಿನಲ್ಲಿ 1944ರಲ್ಲಿ ವೀಗನ್ ಎಂಬ ಹೆಸರು ಬಂದಿತು. ಹೆಸರು ಪರದೇಶದ್ದಾದ ಮಾತ್ರಕ್ಕೆ ನಿಯಮವೂ ಪರದೇಶದ್ದೆಂದು ತೀರ್ಮಾನಿಸುವವರು ಒಂದು ವಿಷಯವನ್ನು ಮರೆಯುತ್ತಾರೆ. ಜೇನನ್ನು ಬಿಡಬೇಕೆಂಬುದು ಶ್ರಾವಕನ ಅಷ್ಟಮೂಲಗುಣಗಳಲ್ಲಿ ಸೇರಿ ಸಾವಿರಕ್ಕೂ ಹೆಚ್ಚು ವರ್ಷಗಳಾಗಿವೆ. ಹಾಲು, ಮೊಸರು, ತುಪ್ಪಗಳನ್ನು ಬಿಡುವುದಕ್ಕೂ ರಸಪರಿತ್ಯಾಗವೆಂಬ ಹೆಸರಿದೆ, ಆರು ಬಾಹ್ಯ ತಪಸ್ಸುಗಳಲ್ಲಿ ಅದೊಂದು. ದಿಗಂಬರ ಮುನಿಗಳು ಈ ರಸಗಳಲ್ಲಿ ಒಂದನ್ನೋ ಎರಡನ್ನೋ ತ್ಯಜಿಸಿ, ದಿನಕ್ಕೊಮ್ಮೆ ಅಂಗೈಯಲ್ಲಿ ಆಹಾರ ಪಡೆದು, ಬರಿಗಾಲಲ್ಲಿ ಊರಿಂದೂರಿಗೆ ವಿಹಾರ ಮಾಡುತ್ತಾರೆ. ಅವರ ಪಾದಕ್ಕೆರಗಿ ಬಂದವರೇ ಮನೆಗೆ ಬಂದು ಮಗಳಿಗೆ ಹಾಲಿನ ಮಹಿಮೆ ಹೇಳುವುದು ವಿಚಿತ್ರ.

ಇನ್ನು ಟ್ರಯಥ್ಲಾನ್ ಎಂಬುದು ಏನು? ಒಂದರ ಬೆನ್ನಿಗೆ ಒಂದರಂತೆ ಈಜು, ಸೈಕಲ್ ಸವಾರಿ, ಓಟ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1974ರ ಸೆಪ್ಟೆಂಬರ್ 25ರ ಸಂಜೆ ಒಂದು ಓಟಗಾರರ ಸಂಘದ 46 ಮಂದಿ ಗೆಳೆತನಕ್ಕಾಗಿ ನಡೆಸಿದ ಆಟದಿಂದ ಇದು ಬೆಳೆಯಿತು. 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ ಅದು ಒಲಿಂಪಿಕ್ ಕ್ರೀಡೆಯಾಯಿತು. ಅದರ ಭಯಂಕರ ರೂಪದಲ್ಲಿ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42 ಕಿ.ಮೀ. ಓಟವಿರುತ್ತದೆ. ಅದರ ಗೋಜು ಇಲ್ಲಿ ಬೇಡ. 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಸಣ್ಣ ರೂಪವೂ ಉಂಟು. ಅಂಗಡಿಯ ಲೆಕ್ಕ ಬರೆಯುವವರೂ ಶಾಲೆಯ ಉಪಾಧ್ಯಾಯಿನಿಯೂ ಕೆಲವು ತಿಂಗಳ ಅಭ್ಯಾಸದಿಂದ ಮುಗಿಸಬಹುದಾದದ್ದು ಅದು. ಗೆದ್ದವರ ಪಟ್ಟಿಯಿಲ್ಲದೆ, ಕೊನೆಯವನಿಗೂ ಚಪ್ಪಾಳೆ ತಟ್ಟುವ ಸ್ನೇಹಕೂಟವಾಗಿ ಅದನ್ನು ನಡೆಸುವುದಾದರೆ, ಹಾಲು ಬಿಟ್ಟ ಸಾಮಾನ್ಯ ಜನ ಅದರಲ್ಲಿ ಪಾಲ್ಗೊಳ್ಳುವುದಾದರೆ, ಅದನ್ನು ಎದುರುಗೊಳ್ಳಬೇಕಾದವರಲ್ಲಿ ಮೊದಲಿಗರು ಜೈನರು. ಏಕೆಂದರೆ ಮೂರು ಸ್ಪರ್ಧೆಗಳ ಕಥೆ ಈ ಜಿಲ್ಲೆಗೆ ಹೊಸದಲ್ಲ.

ಭರತ ಬಾಹುಬಲಿಯರ ಸೇನೆಗಳು ಎದುರಾದಾಗ ಮಂತ್ರಿಗಳು ಏನು ಹೇಳಿದರು? ಇಬ್ಬರೂ ಚರಮಶರೀರಿಗಳು, ಇವರ ಯುದ್ಧದಲ್ಲಿ ಸಾಯುವವರು ಇವರಲ್ಲ, ಏನೂ ಅರಿಯದ ಸೈನಿಕರು, ಆದ್ದರಿಂದ ಆಯುಧವಿಲ್ಲದೆ ಅಣ್ಣತಮ್ಮಂದಿರೇ ಬಲಾಬಲವನ್ನು ನೋಡಿಕೊಳ್ಳಲಿ ಎಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧವೆಂದು ಮೂರು ಗೊತ್ತಾದವು. ಬಾಹುಬಲಿ 525 ಬಿಲ್ಲಿನ ಎತ್ತರದವನು, ಭರತ 500 ಬಿಲ್ಲಿನವನು. ಕತ್ತೆತ್ತಿ ನೋಡಬೇಕಾದ ಭರತನ ಕಣ್ಣು ಮೊದಲು ಸೋತಿತು. ನೀರಿನಲ್ಲಿಯೂ ಹಾಗೆಯೇ: ತಮ್ಮ ಎರಚಿದ ನೀರು ಅಣ್ಣನ ಮುಖಕ್ಕೆ ತಾಗಿತು, ಅಣ್ಣ ಎರಚಿದ್ದು ತಮ್ಮನ ಎದೆಯನ್ನು ದಾಟಲಿಲ್ಲ. ಮೂರನೆಯದರಲ್ಲಿ ಅಣ್ಣನನ್ನು ಎತ್ತಿದ ಕೈ ಅವನನ್ನು ನೆಲಕ್ಕೆ ಅಪ್ಪಳಿಸಲಿಲ್ಲ. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ, ಪಂಪನು 941ರಲ್ಲಿ ಕನ್ನಡದಲ್ಲಿ ಹೇಳಿದ ಈ ಪ್ರಸಂಗವನ್ನು ಪ್ರತಿ ವರ್ಷ ಪ್ರವಚನಗಳಲ್ಲಿ ಕೇಳಿ ತಲೆದೂಗುವವರು ಅದರ ಒಂದು ಅರ್ಥವನ್ನು ಲಕ್ಷಿಸಿದಂತೆ ಕಾಣುವುದಿಲ್ಲ. ಶರೀರಬಲದ ಸ್ಪರ್ಧೆಯನ್ನು ಪುರಾಣವು ಹೀನವೆಂದು ತಳ್ಳಲಿಲ್ಲ. ಕೊಲೆಯ ಜಾಗದಲ್ಲಿ ಅದನ್ನು ತಂದು ನಿಲ್ಲಿಸಿತು. ಗೆದ್ದವನು ಗೆಲುವನ್ನು ಬಿಟ್ಟು ನಡೆದು, ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತನು. ಅವನ ಸುಮಾರು 58 ಅಡಿಯ ವಿಗ್ರಹ 981ರಿಂದ ವಿಂಧ್ಯಗಿರಿಯ ಮೇಲಿದೆ. ಆ ಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಲ್ಲಿ ಹತ್ತುವ ಅಜ್ಜಿಯರಿಗೆ ಬಲದ ಪಾಠ ಬೇಡ. ಬೇಕಾಗಿರುವುದು ಡೋಲಿಗಾಗಿ ಕಾದು ಕುಳಿತ ನಲವತ್ತರ ವಯಸ್ಸಿನ ವರ್ತಕರಿಗೆ.

ಕಸುವಿನ ಪ್ರಶ್ನೆಗೆ ಬರೋಣವೆಂದರೆ ಉತ್ತರ ಚಿಕ್ಕದು. ಅಮೆರಿಕದ ರೂತ್ ಹೈಡ್ರಿಕ್ ಎಂಬ ಮಹಿಳೆ 1982ರಲ್ಲಿ, 47ನೆಯ ವಯಸ್ಸಿನಲ್ಲಿ, ಸ್ತನ ಕ್ಯಾನ್ಸರ್ ಇದೆಯೆಂದು ತಿಳಿದ ವರ್ಷವೇ ಪ್ರಾಣಿಜನ್ಯ ಆಹಾರವನ್ನೆಲ್ಲ ಬಿಟ್ಟರು. ಆಮೇಲೆ ಮೇಲೆ ಹೇಳಿದ ಭಯಂಕರ ಟ್ರಯಥ್ಲಾನನ್ನು ಆರು ಬಾರಿ ಮುಗಿಸಿದರು. ಆಹಾರವೇ ಅವರ ರೋಗವನ್ನು ವಾಸಿಮಾಡಿತೆಂದು ಯಾರೂ ಹೇಳಬೇಕಾಗಿಲ್ಲ. ಹಾಲಿಲ್ಲದ ಆಹಾರ ಅವರನ್ನು ತಡೆಯಲಿಲ್ಲವೆಂಬುದಿಷ್ಟೇ ಇಲ್ಲಿ ಸಾಕು. ಸ್ಕಾಟ್ ಜ್ಯೂರೆಕ್ ಎಂಬಾತ 1999ರಿಂದ 2005ರವರೆಗೆ ಏಳು ವರ್ಷ ಬಿಡದೆ ನೂರು ಮೈಲಿಯ ಬೆಟ್ಟದ ಓಟವೊಂದನ್ನು ಗೆದ್ದದ್ದು ಇದೇ ಆಹಾರದ ಮೇಲೆ. ಇವರೆಲ್ಲ ಅಸಾಧಾರಣರು ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ಸಾಮಾನ್ಯರ ಕೂಟ ಬೇಕಾಗಿರುವುದು. ಹೊಳೆನರಸೀಪುರದ ಬಟ್ಟೆ ಅಂಗಡಿಯವನು ಹಾಲಿಲ್ಲದೆ 5 ಕಿ.ಮೀ. ಓಡಿ ಬಂದನೆಂಬುದನ್ನು ಕಂಡರೆ ಅವನ ಬೀದಿ ನಂಬುತ್ತದೆ, ದೂರದೇಶದ ದಾಖಲೆಗಳನ್ನು ನಂಬುವುದಿಲ್ಲ.

ಅನ್ನದ ಮಾತೂ ಅಷ್ಟೆ. ಹಾಸನ ಜಿಲ್ಲೆ ಆಲೂಗಡ್ಡೆಗೆ ಹೆಸರಾದದ್ದು, ಅದು ಜೈನರಿಗೆ ವರ್ಜ್ಯ. ಹಾಲೂ ಇಲ್ಲ, ಗೆಡ್ಡೆಯೂ ಇಲ್ಲವೆಂದರೆ ಉಳಿಯಿತೇನು ಎಂದು ಕೇಳುವವರು ತಮ್ಮ ಅಡಿಗೆಮನೆಯ ಡಬ್ಬಿಗಳನ್ನು ಒಮ್ಮೆ ತೆರೆದು ನೋಡಲಿ. ನೂರು ಗ್ರಾಂ ರಾಗಿಯಲ್ಲಿರುವ ಸುಣ್ಣದ ಅಂಶ ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದರ ಎರಡೂವರೆ ಪಟ್ಟಿಗೂ ಹೆಚ್ಚು. ಹುರುಳಿಯಲ್ಲಿ ಐದನೆಯ ಒಂದಂಶಕ್ಕಿಂತ ಹೆಚ್ಚು ಸಸಾರಜನಕವಿದೆ. ಅವರೆ, ಎಳ್ಳು, ಹುಚ್ಚೆಳ್ಳು, ಕಡಲೆಕಾಯಿಗಳು ಈ ಸೀಮೆಯ ಹೊಲದಲ್ಲಿಯೇ ಬೆಳೆಯುತ್ತವೆ. ಒಂದು ಕೊರತೆಯನ್ನು ಮುಚ್ಚಿಡಬಾರದು: ಬಿ-12 ಜೀವಸತ್ವ ಸಸ್ಯಾಹಾರದಿಂದ ದೊರೆಯದು, ಹಾಲು ಬಿಟ್ಟವರು ವೈದ್ಯರನ್ನು ಕೇಳಿ ಅದನ್ನು ಮಾತ್ರೆಯ ರೂಪದಲ್ಲಿ ತೆಗೆದುಕೊಳ್ಳಲೇಬೇಕು. ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ಆ ಸತ್ವ ತಯಾರಾಗುತ್ತದೆಂದು ಶಂಕಿಸುವ ಪಂಡಿತರಿದ್ದರೆ, ಅವರು ಪ್ರತಿದಿನ ಉಣ್ಣುವ ಮೊಸರು ಹೇಗಾಗುತ್ತದೆಂಬುದನ್ನು ಮೊದಲು ವಿಚಾರಿಸುವುದು ಒಳಿತು.

ನಿಜವಾದ ಪ್ರಶ್ನೆ ಕಸುವಿನದಲ್ಲ, ಕರುವಿನದು. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೆಸರಿಸುತ್ತದೆ. ಕಟ್ಟುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರಿಸುವುದು ಎಂಬ ನಾಲ್ಕಾದ ಮೇಲೆ ಐದನೆಯದು ಅನ್ನಪಾನನಿರೋಧ, ಎಂದರೆ ಅಧೀನದಲ್ಲಿರುವ ಜೀವಿಯ ಆಹಾರಪಾನವನ್ನು ತಡೆಯುವುದು. ಕರುವನ್ನು ಗೂಟಕ್ಕೆ ಕಟ್ಟಿ, ಅದರ ಎದುರಿನಲ್ಲಿಯೇ ಅದರ ತಾಯಿಯನ್ನು ಕರೆದುಕೊಳ್ಳುವ ಕ್ರಿಯೆಯಲ್ಲಿ ಮೊದಲನೆಯ ಮತ್ತು ಕೊನೆಯ ಅತಿಚಾರಗಳು ಒಟ್ಟಿಗೇ ಕೂಡಿವೆ. ಕರುವಿಗೆ ಕುಡಿಸಿ ಉಳಿದದ್ದನ್ನು ಪಡೆಯುತ್ತಿದ್ದ ಕಾಲದಲ್ಲಿ, ಗಂಡು ಕರು ಎತ್ತಾಗಿ ನೇಗಿಲಿಗೆ ಹೂಡುತ್ತಿದ್ದ ಕಾಲದಲ್ಲಿ ಆಚಾರ್ಯರು ಹಾಲಿಗೆ ಅನುಮತಿಯಿತ್ತರು. ಆ ಕಾಲ ಹೋಯಿತು. ಹಳ್ಳಿಕಾರ್ ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿತು, ನಾಡಹಸುವಿನ ಜಾಗಕ್ಕೆ ಕೃತಕ ಗರ್ಭಧಾರಣೆಯ ಮಿಶ್ರತಳಿ ಬಂದಿತು.

ವ್ಯಾಪಾರಿಗಳಿಗೆ ಲೆಕ್ಕದ ಭಾಷೆಯಲ್ಲಿ ಹೇಳಿದರೆ ಬೇಗ ತಿಳಿದೀತು. 2019ರ ಜಾನುವಾರು ಗಣತಿಯಂತೆ ಭಾರತದಲ್ಲಿ ದನಗಳು 19.25 ಕೋಟಿ, ಅವುಗಳಲ್ಲಿ ಹೆಣ್ಣು 14.51 ಕೋಟಿ. ಪ್ರಕೃತಿಯು ಗಂಡನ್ನೂ ಹೆಣ್ಣನ್ನೂ ಹೆಚ್ಚುಕಡಿಮೆ ಸಮನಾಗಿ ಹುಟ್ಟಿಸುತ್ತದೆ. ಜಮೆಯ ಕಡೆ ಸಮನಾಗಿ ಬಂದ ಸರಕು ದಾಸ್ತಾನಿನಲ್ಲಿ ಮೂರಕ್ಕೆ ಒಂದಾಗಿ ನಿಂತರೆ, ಯಾವ ಲೆಕ್ಕಪರಿಶೋಧಕನೂ ಆ ಪುಸ್ತಕಕ್ಕೆ ಸಹಿ ಹಾಕಲಾರ. ಉಳಿದ ಗಂಡು ಕರುಗಳು ಎಲ್ಲಿ ಹೋದವು ಎಂದು ಕೇಳದೆ ಹಾಲಿನ ಪ್ಯಾಕೆಟ್ಟನ್ನು ಶುದ್ಧವೆಂದು ಒಳಗೆ ಕೊಂಡೊಯ್ಯುವುದು, ಖರ್ಚಿನ ಪುಟವನ್ನು ಹರಿದುಹಾಕಿ ಲಾಭ ತೋರಿಸಿದಂತೆ. ಗೋಹತ್ಯೆಯನ್ನು ತಡೆಯುವ ಕಠಿಣ ಕಾನೂನು ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದಾಗ ಸಂತೋಷಪಟ್ಟವರು ಬಹಳ. ಆದರೆ ಯಾವ ಕಾನೂನೂ ಬೇಡವಾದ ಕರುವಿಗೆ ಹುಲ್ಲು ಹಾಕುವುದಿಲ್ಲ.

ಅಮೆರಿಕದ ಜೈನ ಸಂಘಗಳ ಒಕ್ಕೂಟದ ಶಿಕ್ಷಣ ಕಾರ್ಯದಲ್ಲಿ ದುಡಿದ ಪ್ರವೀಣ್ ಶಾ ಅವರು 1995ರಲ್ಲಿ ವರ್ಮಾಂಟ್ ಪ್ರಾಂತ್ಯದ ಹೈನುಶಾಲೆಯೊಂದನ್ನು ಕಣ್ಣಾರೆ ನೋಡಿ ಬಂದರು. ಹುಟ್ಟಿನಿಂದ ಹಾಲು ಕುಡಿದವರು, ಕಂಡದ್ದನ್ನು ಬರೆದು, ಹಾಲನ್ನು ಬಿಟ್ಟರು. ಅಲ್ಲಿಯದು ಯಂತ್ರದ ಹೈನುಗಾರಿಕೆ, ಇಲ್ಲಿ ಅದೆಲ್ಲಿ ಎಂಬ ಸಮಾಧಾನ ಹೇಳುವವರು ಚನ್ನರಾಯಪಟ್ಟಣದ ಆಸುಪಾಸಿನ ಹಳ್ಳಿಯ ಕೊಟ್ಟಿಗೆಯೊಂದಕ್ಕೆ ಹೋಗಿ, ಗಂಡು ಕರು ಎಲ್ಲಿ ಎಂದು ಮೆಲ್ಲಗೆ ಕೇಳಿ ಬರಲಿ. ಎರಡು ಹಸುವಿನ ಹಾಲನ್ನು ಡೇರಿಗೆ ಹಾಕಿ ಮಕ್ಕಳನ್ನು ಓದಿಸುವ ರೈತಮಹಿಳೆಯನ್ನು ಇದರಲ್ಲಿ ದೂರಬೇಕಾಗಿಲ್ಲ. ಆಕೆ ಅಹಿಂಸಾವ್ರತವನ್ನು ಮೈಮೇಲೆ ಹೇಳಿಕೊಂಡವಳಲ್ಲ. ಹೇಳಿಕೊಂಡವರು ಶ್ರಾವಕರು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಒಂದೇ ಎಂದು ಉಪದೇಶಿಸುವವರೂ ಅವರೇ.

ಪ್ರತಿಪಕ್ಷದವರ ಬತ್ತಳಿಕೆಯಲ್ಲಿ ಒಂದು ಗಟ್ಟಿಯಾದ ಬಾಣವಿದೆ, ಅದನ್ನು ಲಘುವಾಗಿ ಕಾಣುವಂತಿಲ್ಲ. ಪ್ರಯೋಜನವಿಲ್ಲದೆ ನೀರನ್ನು ಕಲಕುವುದು, ನೆಲವನ್ನು ತುಳಿಯುವುದು ಅನರ್ಥದಂಡದಲ್ಲಿ ಪ್ರಮಾದಚರ್ಯೆಯೆನಿಸುತ್ತದೆ. ಹೇಮಾವತಿಯಲ್ಲಿ ಈಜುವವನು ಅಪ್ಕಾಯಿಕ ಜೀವಗಳನ್ನು ಬಾಧಿಸುವುದಿಲ್ಲವೇ? ಬಾಧಿಸುತ್ತಾನೆ. ಮೂರು ಅಂಗಗಳಲ್ಲಿ ಈಜಿನ ಸಮರ್ಥನೆಯೇ ಕಷ್ಟದ್ದು. ಆದರೆ ಗೃಹಸ್ಥನು ಬಿಡಬೇಕಾದದ್ದು ಸಂಕಲ್ಪೀ ಹಿಂಸೆಯನ್ನು. ಆರಂಭೀ ಹಿಂಸೆಯನ್ನು ಅವನು ಕಡಿಮೆಮಾಡಿಕೊಳ್ಳಬೇಕು. ವ್ರತಪಾಲನೆಗೆ ಸಾಧನವಾದ ದೇಹವನ್ನು ಆರೋಗ್ಯದಲ್ಲಿಡುವುದು ನಿಷ್ಪ್ರಯೋಜನವಲ್ಲ. ಇಷ್ಟಕ್ಕೂ ಈ ಆಕ್ಷೇಪವನ್ನೆತ್ತುವವರು ಮದುವೆಯ ಛತ್ರದ ಕಾರಂಜಿಯ ಬಳಿ ನಿಂತು ಭಾವಚಿತ್ರ ತೆಗೆಸಿಕೊಳ್ಳುವಾಗ ಅಪ್ಕಾಯಿಕರನ್ನು ನೆನೆದದ್ದು ಅಪರೂಪ.

ಆಕ್ಷೇಪದಿಂದ ಸ್ವೀಕರಿಸಬೇಕಾದ ನಿಯಮಗಳಿವೆ. ಚಾತುರ್ಮಾಸದಲ್ಲಿ ಇಂಥ ಕೂಟ ಸಲ್ಲದು. ಹುಳುಹುಪ್ಪಟೆ ರಸ್ತೆಗೆ ಬರುವ ಕಾಲವದು, ಹೊಳೆಯೂ ಮೈದುಂಬಿರುತ್ತದೆ. ಸೂರ್ಯೋದಯವಾಗಿ ಎರಡು ಗಳಿಗೆ ಕಳೆದ ಮೇಲೆ ತೊಡಗಿದರೆ ಬೆಳಗಿನ ಉಪಾಹಾರಕ್ಕೂ ರಾತ್ರಿಭೋಜನತ್ಯಾಗಕ್ಕೂ ಅಡ್ಡಿಯಿಲ್ಲ. ಹದಿನೇಳು ಗಂಟೆಗಳ ಕಾಲ ಹಿಡಿದು ನಡುರಾತ್ರಿಗೆ ಮುಗಿಯುವ ದೊಡ್ಡ ಟ್ರಯಥ್ಲಾನು ಈ ಕಾರಣಕ್ಕೇ ಜೈನನಿಗೆ ಒಗ್ಗದು. ಕುಡಿಯುವ ನೀರು ಸೋಸಿದ್ದಾಗಿರಬೇಕು. ಅರಕಲಗೂಡು ಕಡೆಯವರು ರಾಮನಾಥಪುರದ ಕಾವೇರಿಯನ್ನು ಆರಿಸಿಕೊಳ್ಳಬಾರದು, ಜನರು ಹಿಡಿಯದೆ ಕಾಪಾಡಿಕೊಂಡು ಬಂದ ಮೀನುಗಳ ಮಡು ಅಲ್ಲಿದೆ. ಆಳ ಅಳೆದ, ಈಜುಬಲ್ಲ ಕಾವಲಿನವರಿರುವ ಕೊಳವೇ ಹೊಳೆಗಿಂತ ಮೇಲು.

ಬಸದಿಗಳ ಆಡಳಿತ ಮಂಡಳಿಗಳು ಇದರಲ್ಲಿ ತಮಗೇನು ಸಂಬಂಧವೆಂದು ಕೇಳಬಹುದು. ಸಂಬಂಧವಿರುವುದು ಅಭಿಷೇಕದ ಹಾಲಿನಲ್ಲಿ. 2018ರ ಮಹಾಮಸ್ತಕಾಭಿಷೇಕವನ್ನು ಕಂಡವರ ಕಣ್ಣಲ್ಲಿ ಆ ಕ್ಷೀರಧಾರೆ ಇನ್ನೂ ಇದೆ, ಮುಂದಿನದು 2030ಕ್ಕೆ ಬರುತ್ತದೆ. ಹಾಲನ್ನು ಬಿಡಿರೆಂದರೆ ಪರಂಪರೆಗೆ ಅಪಚಾರವೆಂದು ಕೆರಳುವವರು ಗುಳ್ಳಕಾಯಜ್ಜಿಯ ಐತಿಹ್ಯವನ್ನು ನೆನೆಯಲಿ. ಚಾವುಂಡರಾಯನ ಕೊಡಕೊಡ ಹಾಲು ವಿಗ್ರಹದ ತೊಡೆಯಿಂದ ಕೆಳಗಿಳಿಯಲಿಲ್ಲ. ಮುದುಕಿಯ ಗುಳ್ಳಕಾಯಿಯ ಬಟ್ಟಲಲ್ಲಿದ್ದ ಒಂದಿಷ್ಟು ಹಾಲು ಪಾದವನ್ನು ತೋಯಿಸಿತು. ಆ ಮುದುಕಿಯ ವಿಗ್ರಹ ಬೆಟ್ಟದ ಮೇಲೆ ಗೊಮ್ಮಟನ ಎದುರಿಗೇ ನಿಂತಿದೆ. ಸಾವಿರಾರು ಲೀಟರಿನ ಲೆಕ್ಕ ಹೇಳಿ ಹೆಮ್ಮೆಪಡುವ ಮಂಡಳಿಗಳು ಯಾರ ಪಕ್ಷದಲ್ಲಿವೆ, ಅಜ್ಜಿಯದರಲ್ಲೋ, ಇನ್ನೂ ಗರ್ವ ಇಳಿಯದ ಚಾವುಂಡರಾಯನದರಲ್ಲೋ? ಎಳನೀರು, ಕಬ್ಬಿನ ರಸ, ಅಕ್ಕಿಹಿಟ್ಟು, ಅರಿಸಿನ, ಗಂಧ ಇವೂ ಪರಂಪರೆಯ ದ್ರವ್ಯಗಳೇ. ಆದಿನಾಥರು ಮುನಿಯಾದ ಮೇಲೆ ದೀರ್ಘ ಉಪವಾಸವನ್ನು ಮುಗಿಸಿದ್ದು ಶ್ರೇಯಾಂಸನು ನೀಡಿದ ಕಬ್ಬಿನ ರಸದಿಂದ, ಹಾಲಿನಿಂದಲ್ಲ. ಮೊದಲ ತೀರ್ಥಂಕರರ ಬಳಲಿಕೆಯನ್ನು ಪರಿಹರಿಸಿದ ರಸ, ಸೈಕಲ್ ತುಳಿದು ಬಂದ ಹುಡುಗನಿಗೆ ಸಾಲದೆಂದು ಹೇಳುವ ಧೈರ್ಯ ಯಾರಿಗಿದೆ?

ವೀಗನ್ ತರುಣರಿಗೂ ಒಂದು ಮಾತು ಸಲ್ಲಬೇಕು. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ಬಲದ ಮದ, ತಪಸ್ಸಿನ ಮದ, ದೇಹದ ಮದ ಎಂಬ ಮೂರು ಈ ಕೂಟದ ಮೂರು ಅಂಗಗಳಷ್ಟೇ ಸುಲಭವಾಗಿ ಒಂದರ ಹಿಂದೆ ಒಂದು ಬರುತ್ತವೆ. ಅಜ್ಜಿಯ ಕೈತುಪ್ಪವನ್ನು ಬೇಡವೆನ್ನುವಾಗ ಆಕೆಯ ಮನಸ್ಸನ್ನು ನೋಯಿಸಿ, ಕೊರಳಿಗೆ ಪದಕ ಹಾಕಿಕೊಂಡು ಮೆರೆಯುವವನು ಹಾಲನ್ನು ಬಿಟ್ಟರೂ ಬಿಡದಿದ್ದರೂ ಒಂದೇ. ಪದಕವಿಲ್ಲದ, ಸ್ಥಾನಗಳಿಲ್ಲದ ಕೂಟವೇ ಬೇಕೆಂದು ಹೇಳುವುದು ಇದಕ್ಕಾಗಿ.

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹನ್ನೆರಡು ಕಿ.ಮೀ. ಆಸುಪಾಸು. ಹೋಗಿ ಬಂದರೆ ಸೈಕಲ್ಲಿನ ಪಾಲು ತೀರಿತು. ತೆಂಗಿನ ತೋಟಗಳ ನಡುವಿನ ದಾರಿ, ತಾಲ್ಲೂಕಿನಲ್ಲಿ ಕಬ್ಬಿಗೂ ಕೊರತೆಯಿಲ್ಲ. ಆ ಬೆಳಿಗ್ಗೆ ಯಾವುದಾದರೊಂದು ಬಸದಿಯ ಭೋಜನಶಾಲೆಯವರು ಮಾಡಬೇಕಾದದ್ದು ಬಹಳವಿಲ್ಲ: ಕಬ್ಬು ಹಿಂಡುವ ಗಾಡಿಯೊಂದನ್ನು ಕರೆಸುವುದು, ಎರಡು ಗೊನೆ ಬಾಳೆಹಣ್ಣು, ಒಂದಿಷ್ಟು ಎಳನೀರು, ಉಪ್ಪು ಹಾಕಿದ ರಾಗಿ ಅಂಬಲಿ, ಸೋಸಿದ ನೀರು. ಅಂಬಲಿಗೆ ಮಜ್ಜಿಗೆ ಬೆರೆಸಬಾರದೆಂದು ಅಡಿಗೆಯವರಿಗೆ ಹಿಂದಿನ ದಿನವೇ ಹೇಳಿಡಬೇಕು.