ಕಾಯ್ದ ದಿನಕ್ಕೂ ಬೆಲೆಯಿರಲಿ

‘ಬೆಳಿಗ್ಗೆ ಹತ್ತರಿಂದ ಸಂಜೆ ಆರರೊಳಗೆ ನಮ್ಮ ಸಿಬ್ಬಂದಿ ಬರುತ್ತಾರೆ, ಮನೆಯಲ್ಲೇ ಇರಿ.’ ಬ್ರಾಡ್‌ಬ್ಯಾಂಡ್ ಸಂಪರ್ಕ ಕೆಟ್ಟು ದೂರು ಕೊಟ್ಟವರಿಗೆಲ್ಲ ಚಿರಪರಿಚಿತವಾದ ಭರವಸೆಯಿದು. ಸಂಜೆಯಾದರೂ ಯಾರೂ ಬರುವುದಿಲ್ಲ. ಮರುದಿನ ವಿಚಾರಿಸಿದರೆ, ‘ಗ್ರಾಹಕರು ಲಭ್ಯವಿರಲಿಲ್ಲ’ ಎಂಬ ಷರಾ ಬರೆದು ದೂರನ್ನೇ ಮುಕ್ತಾಯಗೊಳಿಸಿರುತ್ತಾರೆ. ಈಚೆಗೆ ಒಂದೇ ದೋಷಕ್ಕೆ ನಾನು ಹೀಗೆ ಮೂರು ದಿನ ಬಾಗಿಲು ಕಾಯ್ದೆ. ನಿವೃತ್ತನಾದ ನನಗೆ ಅದು ಬರಿಯ ಕಿರಿಕಿರಿ. ರಜೆ ಹಾಕಿ ಕಾಯುವ ಗಾರ್ಮೆಂಟ್ಸ್ ಕಾರ್ಮಿಕಳಿಗಾದರೋ ಅದು ಒಂದು ದಿನದ ಸಂಬಳ.

ಅರ್ಥಶಾಸ್ತ್ರದಲ್ಲಿ ಇದಕ್ಕೆ ‘ಅವಕಾಶ ವೆಚ್ಚ’ ಎನ್ನುತ್ತಾರೆ. ಸಾಕಷ್ಟು ತಂತ್ರಜ್ಞರನ್ನು ನೇಮಿಸಿಕೊಳ್ಳದೆ ಕಂಪನಿ ಉಳಿಸಿದ ಹಣ ಮಾಯವಾಗುವುದಿಲ್ಲ. ಕಾಯುವ ಸಮಯದ ರೂಪದಲ್ಲಿ ಅದು ಗ್ರಾಹಕನ ಲೆಕ್ಕಕ್ಕೆ ವರ್ಗವಾಗುತ್ತದೆ. ಮಾತು ತಪ್ಪಿದ್ದಕ್ಕೆ ಏನನ್ನೂ ತೆರಬೇಕಿಲ್ಲದವನಿಗೆ ಮಾತು ಉಳಿಸಿಕೊಳ್ಳುವ ದರ್ದು ಎಲ್ಲಿಂದ ಬರಬೇಕು?

ಬ್ರಿಟನ್ ಈ ಪ್ರಶ್ನೆಗೆ ಸರಳ ಉತ್ತರ ಕಂಡುಕೊಂಡಿದೆ. ಅಲ್ಲಿನ ಸಂವಹನ ನಿಯಂತ್ರಕ ಸಂಸ್ಥೆ ‘ಆಫ್‌ಕಾಮ್’ನ ಒತ್ತಾಸೆಯಿಂದ 2019ರ ಏಪ್ರಿಲ್ 1ರಂದು ಸ್ವಯಂಚಾಲಿತ ಪರಿಹಾರ ಯೋಜನೆ ಜಾರಿಗೆ ಬಂತು. ನಿಗದಿತ ದಿನ ತಂತ್ರಜ್ಞ ಬಾರದಿದ್ದರೆ, ಅಥವಾ 24 ಗಂಟೆಗೂ ಕಡಿಮೆ ಅವಧಿಯ ಸೂಚನೆ ಕೊಟ್ಟು ಭೇಟಿ ರದ್ದುಪಡಿಸಿದರೆ, ಗ್ರಾಹಕನಿಗೆ 25 ಪೌಂಡ್. ಎರಡು ಕೆಲಸದ ದಿನಗಳೊಳಗೆ ದುರಸ್ತಿಯಾಗದಿದ್ದರೆ ನಂತರದ ಪ್ರತಿ ದಿನಕ್ಕೆ 8 ಪೌಂಡ್ ಎಂದು ಆರಂಭದಲ್ಲಿ ನಿಗದಿಯಾಯಿತು. ಈ ಮೊತ್ತ ಹಣದುಬ್ಬರಕ್ಕೆ ಅನುಗುಣವಾಗಿ ಏರುತ್ತ ಬಂದಿದೆ. ಯೋಜನೆಗೆ ಸೇರುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದಾದರೂ ದೊಡ್ಡ ಕಂಪನಿಗಳು ಸೇರಿವೆ. ಮುಖ್ಯವಾದದ್ದು ಮೊತ್ತವಲ್ಲ, ‘ಸ್ವಯಂಚಾಲಿತ’ ಎಂಬ ವಿಶೇಷಣ. ಗ್ರಾಹಕ ಪರಿಹಾರಕ್ಕಾಗಿ ಅರ್ಜಿ ಹಾಕಬೇಕಿಲ್ಲ; ಅದು ತಾನಾಗಿ ಅವನ ಖಾತೆಗೆ ಜಮೆಯಾಗಬೇಕು.

ನಮ್ಮಲ್ಲಿ ನಿಯಮಗಳೇ ಇಲ್ಲವೆಂದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಸೇವಾ ಗುಣಮಟ್ಟ ನಿಯಮಾವಳಿಯ ಪ್ರಕಾರ, ತಂತಿ ಸಂಪರ್ಕದ ದೋಷ ಮೂರು ದಿನಗಳಲ್ಲಿ ಸರಿಹೋಗದಿದ್ದರೆ ಬಾಡಿಗೆಯಲ್ಲಿ ರಿಯಾಯಿತಿ ಕೊಡಲೇಬೇಕು. ಆದರೆ ಇದು ಪಡೆಯದ ಸೇವೆಯ ಬಾಡಿಗೆಗಷ್ಟೇ ಸಂಬಂಧಿಸಿದ್ದು. ತಿಂಗಳಿಗೆ 600 ರೂಪಾಯಿ ತೆರುವವನ ಒಂದು ದಿನದ ಬಾಡಿಗೆ 20 ರೂಪಾಯಿ. ಕಾಯುತ್ತ ಕಳೆದ ದಿನದ ದುಡಿಮೆ ಅದರ ಹಲವು ಪಟ್ಟು. ಈ ನಷ್ಟ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ಕಾನೂನಿನ ಬಾಗಿಲೂ ತೆರೆದಿದೆ. ದೂರಸಂಪರ್ಕ ಸೇವೆಯ ವ್ಯಾಜ್ಯವನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿತು. ಆದ್ದರಿಂದ ದೂರಿನ ಸಂಖ್ಯೆ, ಬಂದ ಸಂದೇಶಗಳು, ಕಾಯ್ದ ದಿನಾಂಕಗಳನ್ನು ಜೋಪಾನವಾಗಿಡಬೇಕು. ಮೊದಲು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ಪ್ರಯೋಜನವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಮತ್ತು ಜಿಲ್ಲಾ ಗ್ರಾಹಕ ಆಯೋಗ ಇವೆ. ಆದರೆ ಒಂದು ದಿನದ ನಷ್ಟಕ್ಕಾಗಿ ಹತ್ತು ದಿನ ಅಲೆಯುವವರೆಷ್ಟು ಮಂದಿ? ಕಂಪನಿಗಳ ಧೈರ್ಯ ನಿಂತಿರುವುದು ಈ ಲೆಕ್ಕಾಚಾರದ ಮೇಲೆಯೇ.

ಕಾಲಮಿತಿಗೆ ಬೆಲೆ ಕಟ್ಟುವ ತತ್ವ ಕರ್ನಾಟಕಕ್ಕೆ ಹೊಸದಲ್ಲ. 2011ರ ‘ಸಕಾಲ’ ಕಾಯ್ದೆ, ಸರ್ಕಾರಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಗೊತ್ತುಮಾಡಿ, ಅದರ ಹೊಣೆಯನ್ನು ತಪ್ಪಿತಸ್ಥ ಅಧಿಕಾರಿಯ ಮೇಲೆ ಹೊರಿಸಿತು. ಮೊತ್ತ ಚಿಕ್ಕದು, ಆದರೂ ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಅನ್ವಯವಾಗುವ ಶಿಸ್ತು ಲಾಭಕ್ಕಾಗಿ ನಡೆಯುವ ಕಂಪನಿಗೆ ಏಕೆ ಬೇಡ?

ಟ್ರಾಯ್ ಮಾಡಬೇಕಾದದ್ದು ಇಷ್ಟು. ಭೇಟಿಯ ಸಮಯವನ್ನು ಎರಡು–ಮೂರು ಗಂಟೆಗಳ ಮಿತಿಯಲ್ಲಿ ಲಿಖಿತ ಸಂದೇಶದ ಮೂಲಕವೇ ತಿಳಿಸುವಂತೆ ವಿಧಿಸಲಿ. ಅದು ತಪ್ಪಿದರೆ ನಿಗದಿತ ಮೊತ್ತ ಮುಂದಿನ ಬಿಲ್ಲಿನಲ್ಲಿ ತಾನಾಗಿ ಕಡಿತವಾಗಲಿ. ಗ್ರಾಹಕ ಒಟಿಪಿ ಮೂಲಕ ಒಪ್ಪದ ಹೊರತು ದೂರು ಮುಕ್ತಾಯವಾಗದಿರಲಿ. ಇವೆಲ್ಲಕ್ಕಿಂತ ಮುಖ್ಯವಾಗಿ, ಈ ಹಣ ಗುತ್ತಿಗೆಯ ತಂತ್ರಜ್ಞನ ಸಂಬಳದಿಂದ ಕಡಿತವಾಗಬಾರದು. ತನ್ನ ಶಕ್ತಿ ಮೀರಿದಷ್ಟು ಮನೆಗಳ ಪಟ್ಟಿ ಹಿಡಿದು ಬೈಕಿನಲ್ಲಿ ಅಲೆಯುವ ಆ ಹುಡುಗನೂ ಇದೇ ವ್ಯವಸ್ಥೆಯ ಬಲಿಪಶು. ಸಕಾಲದಲ್ಲಿ ತಪ್ಪಿತಸ್ಥ ನೌಕರ ದಂಡ ತೆರುತ್ತಾನೆ; ಇಲ್ಲಿ ಆ ಪಟ್ಟಿ ತಯಾರಿಸಿದವರು ತೆರಬೇಕು.

ಬಿಲ್ಲು ಒಂದು ದಿನ ತಡವಾದರೆ ದಂಡ ಹಾಕಲು ಕಂಪನಿಗೆ ಯಾರ ಅರ್ಜಿಯೂ ಬೇಕಿಲ್ಲ. ಅದೇ ಯಂತ್ರ ಗ್ರಾಹಕನ ಪರವಾಗಿಯೂ ಲೆಕ್ಕ ಹಾಕುವುದನ್ನು ಕಲಿಯಲಿ.