ಗಿಡದ ಮರೆಯಲ್ಲಿ ಗನ್ನು, ಗೇಟಿನ ಒಳಗೆ ಗಡಿಯಾರ!



ಬೆಳಿಗ್ಗೆ ಹತ್ತು ಗಂಟೆ. ನೀವು ಬೈಕಿನಲ್ಲಿ ಸೇಡಂನಿಂದ ಕಲಬುರಗಿಗೆ ಹೊರಟಿದ್ದೀರಿ. ಮಗಳ ಕಾಲೇಜಿನ ಫೀಜು ಕಟ್ಟಲು ಅಂದೇ ಕೊನೆಯ ದಿನ. ಮಳಖೇಡ ದಾಟಿದ್ದೀರಿ, ರಸ್ತೆ ನೆಟ್ಟಗಿದೆ, ಕೈ ತಾನಾಗಿಯೇ ಆಕ್ಸಿಲೇಟರ್ ತಿರುವುತ್ತದೆ. ಬೇವಿನ ಗಿಡದ ಮರೆಯಿಂದ ಖಾಕಿ ತೋಳೊಂದು ಅಡ್ಡ ಬರುತ್ತದೆ.

“ಬಾಜೂಕ ಹಚ್ರಿ ಗಾಡಿ.”

“ಯಾಕ್ರೀ ಸಾಹೇಬ್ರ?”

“ಓವರ್ ಸ್ಪೀಡ್. ಮಷಿನ್‌ದಾಗ ಬಂದದ ನೋಡ್ರಿ.”

ಎಷ್ಟು ಬಂದಿದೆ, ಎಷ್ಟಿರಬೇಕಿತ್ತು, ಅದನ್ನು ಎಲ್ಲಿ ಬರೆದಿದ್ದೀರಿ ಎಂದು ನೀವು ಕೇಳಬೇಕೆನ್ನುವಷ್ಟರಲ್ಲಿ, ಸಿಮೆಂಟ್ ಹೇರಿದ ಲಾರಿಯೊಂದು ಹಾರ್ನು ಬಡಿಯುತ್ತಾ ಧೂಳೆಬ್ಬಿಸಿಕೊಂಡು ನಿಮ್ಮ ಮೊಣಕೈ ಸವರಿದಂತೆ ಹಾರಿ ಹೋಗುತ್ತದೆ. ಅದಕ್ಕೆ ಯಾರೂ ಕೈ ಅಡ್ಡ ಹಾಕುವುದಿಲ್ಲ. ಆ ಧೂಳಿನಲ್ಲಿ ಕಣ್ಣುಜ್ಜಿಕೊಳ್ಳುತ್ತಾ ನೀವು ರೊಕ್ಕ ಎಣಿಸುತ್ತೀರಿ.

ಚಿತ್ತಾಪುರದ ಟಂಟಂ ಚಾಲಕನನ್ನು ಕೇಳಿ, ವಾಡಿಯ ಬೈಕ್ ಹುಡುಗನನ್ನು ಕೇಳಿ, ಚಿಂಚೋಳಿಯಿಂದ ತರಕಾರಿ ತರುವ ಟೆಂಪೊದವನನ್ನು ಕೇಳಿ. ಎಲ್ಲರ ಬಾಯಲ್ಲೂ ಇದೇ ಕತೆ. ನಮ್ಮ ಪ್ರಶ್ನೆ ಒಂದೇ: ಈ ರಸ್ತೆಗಳಲ್ಲಿ ವೇಗವನ್ನು ಹಿಡಿಯುತ್ತಿದ್ದಾರೋ, ಅಥವಾ ಕೈಗೆ ಸಿಕ್ಕವರನ್ನು ಹಿಡಿಯುತ್ತಿದ್ದಾರೋ?

ಹಿಡಿಯಲಿ, ಖಂಡಿತ ಹಿಡಿಯಲಿ!

ಮೊದಲೇ ಹೇಳಿಬಿಡುತ್ತೇವೆ. ನಾವು ವೇಗದ ವಕೀಲರಲ್ಲ. “ನಮ್ಮ ರಸ್ತೆ, ನಮ್ಮ ಗಾಡಿ, ನೀವ್ಯಾರು ಕೇಳೋರು?” ಎನ್ನುವ ಪುಂಡರ ಪರವಾಗಿ ಈ ಪತ್ರಿಕೆ ಒಂದಕ್ಷರವನ್ನೂ ಬರೆಯುವುದಿಲ್ಲ.

ಲೆಕ್ಕ ನೋಡಿ. ಗಂಟೆಗೆ ೮೦ ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ೨೨ ಮೀಟರ್ ಓಡುತ್ತದೆ. ಎದುರಿಗೆ ಎಮ್ಮೆ ಬಂತೆಂದು ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಒಂದು ಸೆಕೆಂಡಾದರೂ ಬೇಕು. ಅಂದರೆ ಬ್ರೇಕು ಹಿಡಿಯುವ ಮೊದಲೇ ೨೨ ಮೀಟರ್ ಮುಗಿದಿರುತ್ತದೆ! ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟು. ಸರಾಸರಿ ವೇಗ ನೂರಕ್ಕೆ ಒಂದರಷ್ಟು ಏರಿದರೆ ಪ್ರಾಣ ತೆಗೆಯುವ ಅಪಘಾತದ ಸಂಭವ ನೂರಕ್ಕೆ ನಾಲ್ಕರಷ್ಟು ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ೨೦೨೨ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು ೧,೬೮,೪೯೧ ಜನ. ಅವರಲ್ಲಿ ನೂರಕ್ಕೆ ೭೧ ಜನ ಸತ್ತದ್ದು ಅತಿವೇಗದಿಂದ ಎಂದು ಕೇಂದ್ರ ಸರ್ಕಾರವೇ ಬರೆದುಕೊಂಡಿದೆ.

ಸಾಯುವವರು ಯಾರು? ವಾಡಿಯಲ್ಲಿ ಶಾಲೆ ಬಿಟ್ಟು ರಸ್ತೆ ದಾಟುವ ಹುಡುಗಿ. ಶಹಾಬಾದಿನ ಕಲ್ಲು ಗಣಿಯಿಂದ ಸಂಜೆ ಸೈಕಲ್ ತುಳಿದು ಮನೆಗೆ ಹೊರಟ ಕೂಲಿ. ತೊಗರಿ ಹೇರಿಕೊಂಡು ಬಂಡಿ ಹೊಡೆಯುವ ರೈತ. ಇವರ ಜೀವ ಉಳಿಸಲು ಪೊಲೀಸರು ರಸ್ತೆಗೆ ಇಳಿದರೆ ನಾವು ನೀರು ಮಜ್ಜಿಗೆ ಕೊಟ್ಟು ಕೈ ಮುಗಿಯುತ್ತೇವೆ.

ಮಷಿನ್ ಸುಳ್ಳು ಹೇಳುತ್ತದೆಯೇ?

ಹಿಂದೆ ರಸ್ತೆಯ ಮೇಲೆ ಎರಡು ಗೆರೆ ಎಳೆದು, ಗಡಿಯಾರ ಹಿಡಿದು, ಗಾಡಿ ಆ ಗೆರೆಯಿಂದ ಈ ಗೆರೆಗೆ ಎಷ್ಟು ಹೊತ್ತಿಗೆ ಬಂತೆಂದು ಲೆಕ್ಕ ಹಾಕುತ್ತಿದ್ದರು. ಆಮೇಲೆ ರಾಡಾರ್ ಬಂತು. ವಾಡಿ ಜಂಕ್ಷನ್ನಿನಲ್ಲಿ ನಿಂತು ಕೇಳಿ. ನಿಲ್ಲದೆ ಹೋಗುವ ರೈಲು ಹತ್ತಿರ ಬರುವಾಗ ಸೀಟಿ ಕೀರಲಾಗಿ, ದಾಟಿದ ಕೂಡಲೇ ದಪ್ಪಗಾಗಿ ಕೇಳುತ್ತದಲ್ಲವೇ? ಅದೇ ತತ್ವ. ರಾಡಾರ್ ಬಿಟ್ಟ ರೇಡಿಯೋ ಅಲೆ ಓಡುವ ಗಾಡಿಗೆ ಬಡಿದು ಹಿಂತಿರುಗುವಾಗ ಬದಲಾಗಿರುತ್ತದೆ. ಆ ಬದಲಾವಣೆಯೇ ವೇಗದ ಲೆಕ್ಕ.

ಲೇಸರ್ ಗನ್ ಇನ್ನೂ ಚುರುಕು. ಕಣ್ಣಿಗೆ ಕಾಣದ ಬೆಳಕಿನ ಕಿಡಿಗಳನ್ನು ಒಂದರ ಹಿಂದೆ ಒಂದರಂತೆ ಬಿಡುತ್ತದೆ. ಪ್ರತಿ ಕಿಡಿಯೂ ಗಾಡಿಗೆ ತಾಗಿ ಬರಲು ಹಿಡಿದ ಹೊತ್ತಿನಿಂದ ದೂರ ತಿಳಿಯುತ್ತದೆ, ಆ ದೂರ ಎಷ್ಟು ಬೇಗ ಕಡಿಮೆಯಾಗುತ್ತಿದೆ ಎಂಬುದರಿಂದ ವೇಗ ತಿಳಿಯುತ್ತದೆ. ಸೆಕೆಂಡಿನೊಳಗೆ ತೀರ್ಪು! ಪಕ್ಕದಿಂದ ಓರೆಯಾಗಿ ಹಿಡಿದರೆ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆಯೇ ಹೊರತು ಹೆಚ್ಚಲ್ಲ. ಆದ್ದರಿಂದ ಸರಿಯಾಗಿ ತಪಾಸಣೆ ಮಾಡಿಸಿದ ಮಷಿನ್ನಿನ ಮೇಲೆ ನಮ್ಮ ಸಿಟ್ಟಿಲ್ಲ. ಮಷಿನ್ನಿಗೆ ಜಾತಿಯಿಲ್ಲ, ಪಕ್ಷವಿಲ್ಲ, ಮಾಮೂಲಿಯ ಹಂಗಿಲ್ಲ. ನಮ್ಮ ಜಗಳ ಅದನ್ನು ಹಿಡಿದ ಕೈ ಯಾರ ಕಡೆ ತಿರುಗುತ್ತದೆ ಎಂಬುದರ ಮೇಲೆ.

ಅಡಗಿ ಕೂರು ಎಂದು ಯಾವ ಕಾನೂನು ಹೇಳಿದೆ?

೧೯೮೮ರ ಮೋಟಾರು ವಾಹನ ಕಾಯ್ದೆಯ ೧೮೩ನೇ ಕಲಮು ಅತಿವೇಗಕ್ಕೆ ದಂಡ ಹೇಳುತ್ತದೆ. ಮೊದಲ ತಪ್ಪಿಗೆ ೪೦೦ ರೂಪಾಯಿವರೆಗೆ ಇದ್ದ ದಂಡವನ್ನು ೨೦೧೯ರ ತಿದ್ದುಪಡಿ ಲಘು ವಾಹನಕ್ಕೆ ೧,೦೦೦ದಿಂದ ೨,೦೦೦ಕ್ಕೂ, ಭಾರಿ ವಾಹನಕ್ಕೆ ೨,೦೦೦ದಿಂದ ೪,೦೦೦ಕ್ಕೂ ಏರಿಸಿತು. ದಂಡ ಏರಿದ್ದು ಎಲ್ಲರಿಗೂ ಗೊತ್ತು. ಅದೇ ಕಲಮಿನಲ್ಲಿ ನಿಮ್ಮ ರಕ್ಷಣೆಗೆ ಇರುವ ಮಾತನ್ನು ಯಾರಾದರೂ ಹೇಳಿದರೇ? “ನನ್ನ ಕಣ್ಣಿಗೆ ಜೋರಾಗಿ ಬಂದಂತೆ ಕಂಡಿತು” ಎಂಬ ಒಬ್ಬನೇ ಸಾಕ್ಷಿಯ ಅಭಿಪ್ರಾಯದ ಮೇಲೆ ಯಾರಿಗೂ ಶಿಕ್ಷೆ ವಿಧಿಸುವಂತಿಲ್ಲ, ಯಂತ್ರದಿಂದ ಅಳೆದ ಆಧಾರವಿರಲೇಬೇಕು.

ಇನ್ನೂ ಇದೆ. ಯಾವುದೋ ರಸ್ತೆಗೆ ವೇಗ ಕಡಿಮೆ ಮಾಡಬೇಕೆಂದರೆ ಅಧಿಸೂಚನೆ ಹೊರಡಿಸಿ, ತಕ್ಕ ಜಾಗದಲ್ಲಿ ಫಲಕ ನೆಡಬೇಕು ಎನ್ನುತ್ತದೆ ೧೧೨ನೇ ಕಲಮು. ಕ್ಯಾಮೆರಾ, ಸ್ಪೀಡ್ ಗನ್ ಬಳಸುವವರಿಗಾಗಿ ಕೇಂದ್ರ ಸರ್ಕಾರ ೨೦೨೧ರ ಆಗಸ್ಟ್‌ನಲ್ಲಿ ಪ್ರತ್ಯೇಕ ನಿಯಮವನ್ನೇ ತಂದಿತು. ಹೆಚ್ಚು ಅಪಾಯದ, ಹೆಚ್ಚು ಸಂಚಾರದ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಲ್ಲಿ ಈ ಯಂತ್ರಗಳನ್ನು ಇಡಬೇಕು. ಯಂತ್ರಕ್ಕೆ ವರ್ಷ ವರ್ಷವೂ ಪ್ರಮಾಣಪತ್ರ ಪಡೆಯಬೇಕು. ಮುಂದೆ ತಪಾಸಣೆ ಇದೆಯೆಂಬ ಎಚ್ಚರಿಕೆ ಫಲಕ ಎದ್ದು ಕಾಣುವಂತಿರಬೇಕು. ದಂಡದ ಚೀಟಿಯ ಜೊತೆ ಫೋಟೋ, ಅಳೆದ ವೇಗ, ದಿನ, ಹೊತ್ತು, ಜಾಗ ಎಲ್ಲವೂ ಇರಬೇಕು.

ಯಾಕೆ ಈ ಫಲಕದ ಮಾತು? ಉದ್ದೇಶ ಗಾಡಿಯನ್ನು ನಿಧಾನ ಮಾಡುವುದು, ಕಿಸೆ ಹಗುರ ಮಾಡುವುದಲ್ಲ! ಫಲಕ ನೋಡಿ ನೂರು ಜನ ವೇಗ ಇಳಿಸಿದರೆ ಅಂದಿನ ಕೆಲಸ ಗೆದ್ದಿತು, ಒಂದು ಕೇಸೂ ಬೀಳದಿದ್ದರೂ ಗೆದ್ದಿತು. ಗಿಡದ ಮರೆಯಲ್ಲಿ ಕೂತು ನೂರು ಕೇಸು ಹಾಕಿದರೆ ಖಜಾನೆ ಗೆದ್ದಿತು. ಆ ನೂರು ಗಾಡಿಗಳು ಊರೊಳಗೆ ನುಗ್ಗಿ ಬಂದದ್ದು ಮಾತ್ರ ತಪ್ಪಲಿಲ್ಲ.

ಆ ಫಲಕ ಯಾವ ಭಾಷೆಯಲ್ಲಿರಬೇಕು? ೧೯೬೩ರ ರಾಜಭಾಷಾ ಕಾಯ್ದೆಯಿಂದ ಈ ರಾಜ್ಯದ ಆಡಳಿತ ಭಾಷೆ ಕನ್ನಡ. ಕವಿರಾಜಮಾರ್ಗ ಹುಟ್ಟಿದ್ದು ಮಾನ್ಯಖೇಟವನ್ನಾಳಿದ ನೃಪತುಂಗನ ಆಸ್ಥಾನದಲ್ಲಿ. ಕನ್ನಡದ ಮೊದಲ ‘ಮಾರ್ಗ’ ಬರೆದ ಊರಿನ ಮಾರ್ಗದಲ್ಲಿ “ನಿಧಾನ” ಎಂಬ ಮೂರಕ್ಷರ ಬರೆಸಲು ಬಣ್ಣಕ್ಕೆ ಬರವೇ? ಚಿಂಚೋಳಿ, ಸೇಡಂ ತೆಲಂಗಾಣದ ಅಂಚಿನ ತಾಲೂಕುಗಳು, ಆಚೆಯ ಚಾಲಕರೂ ಬರುತ್ತಾರೆ. ಬರಲಿ. ಮೇಲೆ ಕನ್ನಡ ದಪ್ಪಗಿರಲಿ, ಕೆಳಗೆ ಅವರಿಗೂ ತಿಳಿಯುವಂತೆ ಬರೆಯಿರಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಮೊಬೈಲಿಗೆ ಬರುವ ದಂಡದ ಸಂದೇಶ ಇಂಗ್ಲಿಷಿನಲ್ಲಿ ಬಂದು, ಅದನ್ನು ಓದಿಸಲು ಟಂಟಂ ಚಾಲಕ ಅಂಗಡಿಯಿಂದ ಅಂಗಡಿಗೆ ಅಲೆಯಬೇಕೆಂದರೆ ಅದು ಅವಮಾನ. ದಂಡ ಕಟ್ಟುವವನು ಕನ್ನಡಿಗ, ದಂಡ ಹಾಕುವ ಭಾಷೆ ಇಂಗ್ಲಿಷ್! ಯಾವ ತಪ್ಪಿಗೆ, ಯಾವ ಕಲಮಿನಲ್ಲಿ ತನಗೆ ಶಿಕ್ಷೆಯಾಯಿತೆಂದು ತಿಳಿಯದವನು ತಿದ್ದಿಕೊಳ್ಳುವುದಾದರೂ ಹೇಗೆ?

ಗೇಟಿನ ಒಳಗಿನ ಗಡಿಯಾರ

ಈಗ ಮುಖ್ಯ ಮಾತಿಗೆ ಬರೋಣ. ಈ ಸೀಮೆಯಲ್ಲಿ ವೇಗ ಹುಟ್ಟುವುದು ಎಲ್ಲಿ?

ನೆಲದಡಿ ಸುಣ್ಣದ ಕಲ್ಲಿರುವ ನಾಡು ನಮ್ಮದು. ಶಹಾಬಾದಿನ ಕಲ್ಲು ದೇಶದ ಮನೆ ಮನೆಯ ನೆಲಕ್ಕೆ ಹಾಸಿದೆ. ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲಿ ನೋಡಿದರೂ ಸಿಮೆಂಟಿನ ಚಿಮಣಿ. ಕಲ್ಲು, ಸಿಮೆಂಟು, ಕಲ್ಲಿದ್ದಲು, ಹಾರುಬೂದಿ ಹೊತ್ತ ಲಾರಿ, ಟಿಪ್ಪರು, ಟ್ಯಾಂಕರುಗಳು ಹಗಲೂ ರಾತ್ರಿ ನಮ್ಮ ಊರುಗಳ ನಡುವೆಯೇ ಓಡುತ್ತವೆ. ಅವುಗಳ ಚಾಲಕ ತಿಂಗಳ ಸಂಬಳಕ್ಕಿಂತ ಟ್ರಿಪ್ಪಿನ ಭತ್ಯೆಯನ್ನು ನೆಚ್ಚಿ ಬದುಕುವವನು. ಗೇಟಿನೊಳಗೆ ಲೋಡಿಗಾಗಿ ಅರ್ಧ ದಿನ ಕಾಯಿಸುತ್ತಾರೆ. ಹೊರಗೆ ಬಿದ್ದ ಕೂಡಲೇ ಮಾಲೀಕನ ಫೋನು: “ಎಲ್ಲದಿ? ಇನ್ನೂ ಅಲ್ಲೇ ಅದಿ ಏನು?” ಕಾದು ಕಳೆದ ಹೊತ್ತನ್ನು ಅವನು ಎಲ್ಲಿ ದುಡಿದುಕೊಳ್ಳಬೇಕು? ನಿಮ್ಮ ಮನೆಯ ಮುಂದಿನ ರಸ್ತೆಯಲ್ಲಿ!

ಅಂದರೆ ಆಕ್ಸಿಲೇಟರಿನ ಮೇಲೆ ಇರುವುದು ಚಾಲಕನ ಕಾಲು. ಆ ಕಾಲನ್ನು ಒತ್ತುತ್ತಿರುವುದು ಗೇಟಿನ ಒಳಗಿನ ಗಡಿಯಾರ.

ಇದು ನಮ್ಮ ಕವಿತೆಯಲ್ಲ ಸ್ವಾಮಿ, ಸಂಸತ್ತು ಮಾಡಿದ ಕಾನೂನು! ಅದೇ ೧೮೩ನೇ ಕಲಮಿನ ಎರಡನೇ ಉಪಕಲಮು ಓದಿ: ತನ್ನ ಕೆಳಗೆ ದುಡಿಯುವವನಿಂದ ಮಿತಿ ಮೀರಿದ ವೇಗದಲ್ಲಿ ಗಾಡಿ ಓಡಿಸಿದವನಿಗೂ ದಂಡ. ನಾಲ್ಕನೆಯದನ್ನು ಓದಿ: ವೇಗದ ಮಿತಿ ಮೀರದೆ ಮುಟ್ಟಲಾಗದಂಥ ಹೊತ್ತು ಗೊತ್ತು ಮಾಡಿ ವೇಳಾಪಟ್ಟಿ ಹೊರಡಿಸಿದರೆ, ಇಲ್ಲವೇ ಹಾಗೆಂದು ಹುಕುಂ ಕೊಟ್ಟರೆ, ಆ ಪಟ್ಟಿ, ಆ ಹುಕುಮೇ ಅವನ ಮೇಲೆ ಮೇಲ್ನೋಟದ ಸಾಕ್ಷ್ಯ. ಇಷ್ಟು ಹರಿತವಾದ ಕತ್ತಿ ಕೈಯಲ್ಲಿದೆ. ಅದು ಒರೆಯಿಂದ ಹೊರಬಂದದ್ದನ್ನು ನೀವು ನೋಡಿದ್ದೀರಾ?

ಬೈಕಿನವನನ್ನು ನಿಲ್ಲಿಸುವುದು ಸುಲಭ. ಕೈ ತೋರಿಸಿದರೆ ನಿಲ್ಲುತ್ತಾನೆ, ಗದರಿದರೆ ಕಟ್ಟುತ್ತಾನೆ. ಲೋಡಾದ ಲಾರಿಯನ್ನು ನಿಲ್ಲಿಸಿದರೆ ರಸ್ತೆ ಕಟ್ಟುತ್ತದೆ, ಮಾಲೀಕನ ಫೋನು ಬರುತ್ತದೆ, ಫೋನಿನ ಹಿಂದೆ ಇನ್ನೊಂದು ಫೋನು ಬರುತ್ತದೆ. ಬಿಸಿಲಲ್ಲಿ ನಿಂತ ಕಾನ್‌ಸ್ಟೇಬಲ್ ಕೂಡ ನಮ್ಮ ಮನೆಯ ಮಗನೇ. ದಿನಕ್ಕೆ ಇಷ್ಟು ಕೇಸು ಎಂದು ಮೇಲಿನಿಂದ ಲೆಕ್ಕ ಕೇಳಿದರೆ ಅವನು ಸುಲಭದ ಬೇಟೆಯನ್ನೇ ಆರಿಸಿಕೊಳ್ಳುತ್ತಾನೆ. ಬೈಯಬೇಕಾದದ್ದು ಲೆಕ್ಕ ಕೇಳುವವರನ್ನು.

ನಿಂತ ಲಾರಿಯ ವೇಗ ಎಷ್ಟು?

೨೦೨೦ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಸಾವಳಗಿ ಬಳಿ ರಸ್ತೆಯಲ್ಲಿ ನಿಂತಿದ್ದ ಲಾರಿಗೆ ಕಾರು ಬಡಿದು ಏಳು ಜನ ಸತ್ತರು, ಅವರಲ್ಲಿ ಒಬ್ಬಾಕೆ ಗರ್ಭಿಣಿ. ೨೦೨೫ರ ಏಪ್ರಿಲ್‌ನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸಿನಲ್ಲಿ ಮತ್ತೆ ಅದೇ: ನಿಂತ ಲಾರಿ, ಹಿಂದಿನಿಂದ ಬಡಿದ ವಾಹನ, ಐದು ಹೆಣ. ಇಂಥ ಪ್ರಕರಣಗಳಲ್ಲಿ ಸಾಮಾನ್ಯವಾಗಿ ದೂರಿನ ಮೊದಲ ಸಾಲು ಏನಿರುತ್ತದೆ ನಿಮಗೆ ಗೊತ್ತು: “ಅತಿವೇಗ ಮತ್ತು ಅಲಕ್ಷತನದಿಂದ ನಡೆಸಿ...” ವೇಗ ಇದ್ದಿರಬಹುದು. ಆದರೆ ಕತ್ತಲಲ್ಲಿ ರಸ್ತೆಯಲ್ಲೇ ಲಾರಿ ನಿಲ್ಲಲು ಬಿಟ್ಟವರು ಯಾರು? ಲಾರಿಗೆ ತಂಗಲು ಜಾಗ ಮಾಡದವರು ಯಾರು? ಸೊನ್ನೆ ವೇಗದಲ್ಲಿ ನಿಂತು ಕೊಲ್ಲುವ ಗಾಡಿಯನ್ನು ಯಾವ ಲೇಸರ್ ಗನ್ನೂ ಹಿಡಿಯಲಾರದು. ರಸ್ತೆಯನ್ನು ಕ್ರಮ ತಪ್ಪಿ ಕಟ್ಟಿ ಸಾವಿಗೆ ಕಾರಣರಾದ ಗುತ್ತಿಗೆದಾರ, ಅಧಿಕಾರಿಗಳಿಗೂ ಒಂದು ಲಕ್ಷದವರೆಗೆ ದಂಡ ಹಾಕುವ ಕಲಮು ೨೦೧೯ರಿಂದ ಇದೆ. ಅದರ ಹೆಸರು ಕೇಳಿದ್ದೀರಾ?

ಕೆಲಸ ಮಾಡಿದರೆ ಫಲ ಸಿಗುವುದಿಲ್ಲ ಎನ್ನಬೇಡಿ. ೨೦೨೩ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯಲ್ಲಿ ಸಾವು ಏರಿದಾಗ ರಾಜಧಾನಿ ಬೆಚ್ಚಿಬಿತ್ತು. ರಾಡಾರ್ ಗನ್ ಬಂತು, ಆಗಸ್ಟ್ ೧ರಿಂದ ಬೈಕು, ಆಟೊಗಳಿಗೆ ನಿಷೇಧ ಬಂತು, ಕ್ಯಾಮೆರಾಗಳು ಬಂದವು. ಸಾವು ಇಳಿಯಿತು. ಸಂತೋಷ! ಸಾಹೇಬರು ಮೈಸೂರಿಗೆ ಹೋಗುವ ರಸ್ತೆಗೆ ಬಂದ ಕಾಳಜಿ, ಸಿಮೆಂಟ್ ಕೊಟ್ಟು ಆ ರಸ್ತೆಗಳನ್ನೇ ಕಟ್ಟುವ ಸೀಮೆಗೂ ಬರಬೇಕಲ್ಲವೇ? ೨೦೧೯ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ’ ಎಂದು ಹೆಸರಿಟ್ಟರು. ಹೆಸರಿಟ್ಟರೆ ಸಾಲದು, ಹೆಣ ಎತ್ತುವುದು ನಿಲ್ಲಬೇಕು.

ಇನ್ನು ಈ ರಿಯಾಯಿತಿಯ ಜಾತ್ರೆ! ೨೦೨೩ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ಮಾಫಿ, ೨೦೨೫ರಲ್ಲಿ ಮತ್ತೆ ಅರ್ಧ ಮಾಫಿ. ಜೀವ ಉಳಿಸಲು ಹಾಕಿದ ದಂಡಕ್ಕೆ ಸೀರೆ ಅಂಗಡಿಯ ಹಾಗೆ ಡಿಸ್ಕೌಂಟೇ? ಇದನ್ನು ಕಂಡ ಜನ ದಂಡವನ್ನು ಇನ್ನೊಂದು ತೆರಿಗೆ ಎಂದುಕೊಂಡರೆ ತಪ್ಪು ಯಾರದು?

ನೀವೇನು ಮಾಡಬೇಕು?

ಗಾಡಿ ನಿಲ್ಲಿಸಿದರೆ ನಿಲ್ಲಿ. ಜಗಳ ಬೇಡ. ಸಮವಸ್ತ್ರದಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಿ. ಆಮೇಲೆ ಕೈ ಕಟ್ಟಿ, ಕನ್ನಡದಲ್ಲೇ ಕೇಳಿ: ವೇಗ ಎಷ್ಟು ಬಂದಿದೆ, ತೋರಿಸಿ. ಇಲ್ಲಿ ಮಿತಿ ಎಷ್ಟು, ಫಲಕ ಎಲ್ಲಿದೆ? ರಸೀದಿ ಕೊಡಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ, “ಅರ್ಧಕ್ಕೆ ಮುಗಿಸಿಬಿಡ್ರಿ ಸಾಹೇಬ್ರ” ಎಂದು ನೀವೂ ಗೋಗರೆಯಬೇಡಿ. ಮಾಮೂಲಿಗೆ ಕೈ ಚಾಚಿದವನಷ್ಟೇ ಅಪರಾಧಿ ಕೈ ಬೆಚ್ಚಗೆ ಮಾಡಿದವನು. ಎದುರು ಗಾಡಿಗೆ ಲೈಟು ಮಿಣುಕಿಸಿ “ಮುಂದೆ ಪೊಲೀಸರಿದ್ದಾರೆ” ಎಂದು ಸನ್ನೆ ಮಾಡುವ ಚಾಳಿ ಬಿಡಿ. ನೀವು ಉಳಿಸಿದ ಆ ಗಾಡಿ ನಾಳೆ ನಿಮ್ಮ ಮಗುವಿನ ಶಾಲೆಯ ಮುಂದೆಯೇ ಹೋಗುತ್ತದೆ.

ಊರಿನವರು ಸೇರಿ ಗ್ರಾಮಸಭೆಯಲ್ಲಿ ಠರಾವು ಮಾಡಿ. ಶಾಲೆ, ಸಂತೆ, ಕ್ರಾಸು ಇರುವಲ್ಲೆಲ್ಲ ಕನ್ನಡದ ವೇಗ ಫಲಕ ಬೇಕು ಎಂದು ಬರೆದು ತಹಶೀಲ್ದಾರರಿಗೆ, ಪೊಲೀಸ್ ಅಧಿಕಾರಿಗಳಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಮಾಹಿತಿ ಹಕ್ಕಿನಲ್ಲಿ ಒಂದೇ ಪ್ರಶ್ನೆ ಹಾಕಿ: ೧೮೩ನೇ ಕಲಮಿನಲ್ಲಿ ಚಾಲಕರ ಮೇಲೆ ಎಷ್ಟು ಕೇಸು, ಅವರನ್ನು ಓಡಿಸಿದ ಮಾಲೀಕರ ಮೇಲೆ ಎಷ್ಟು ಕೇಸು? ಬಂದ ಉತ್ತರವನ್ನು ಊರ ಕಟ್ಟೆಯ ಮೇಲೆ ಅಂಟಿಸಿ.

ಪೊಲೀಸ್ ಬಂಧುಗಳೇ, ನಿಮಗೂ ಒಂದು ಮಾತು. ಗಿಡದ ಮರೆಯಿಂದ ಹೊರಗೆ ಬನ್ನಿ. ನಾವೇ ಬಣ್ಣ, ಕುಂಚ ತರುತ್ತೇವೆ, ಫಲಕ ಬರೆಯೋಣ. ಆ ಗನ್ನನ್ನು ಊರ ಮುಂದೆ, ಎಲ್ಲರಿಗೂ ಕಾಣುವಂತೆ ಹಿಡಿಯಿರಿ. ಆಮೇಲೆ ಒಂದು ದಿನ, ಒಂದೇ ಒಂದು ದಿನ, ಅದನ್ನು ಕಾರಿನಲ್ಲಿಟ್ಟು, ಕಾನೂನಿನ ಪುಸ್ತಕ ಕೈಯಲ್ಲಿ ಹಿಡಿದು ಗೇಟಿನ ಒಳಗೆ ಹೋಗಿ ಗಡಿಯಾರ ನೋಡಿ ಬನ್ನಿ.

ಅಂದು ನಿಮ್ಮ ಹಿಂದೆ ಇಡೀ ಊರೇ ನಡೆದು ಬರುತ್ತದೆ.