ಭದ್ರಕೋಟೆಯಲ್ಲೂ ಮೊಳಕೆ ಪರೀಕ್ಷೆ ಬೇಕು



ಮುಂಗಾರಿಗೆ ಮುನ್ನ ಹಳ್ಳಿಗೆ ಹೋದಾಗಲೆಲ್ಲ ನಾನು ಹೇಳುವ ಮೊದಲ ಮಾತು ಒಂದೇ: ಬಿತ್ತುವ ಮೊದಲು ಬೀಜದ ಮೊಳಕೆ ಪರೀಕ್ಷೆ ಮಾಡಿ. 100 ಕಾಳು ಎಣಿಸಿ ಒದ್ದೆ ಗೋಣಿತಾಟಿನಲ್ಲಿ ಸುತ್ತಿಡಿ. ಒಂದು ವಾರ ಕಳೆದ ಮೇಲೆ ಬಿಚ್ಚಿ ನೋಡಿ. ಭತ್ತಕ್ಕೆ ಇನ್ನೂ ಕೆಲವು ದಿನ ಬಿಡಿ. ಸಂಕರಣ ಮುಸುಕಿನ ಜೋಳವಾದರೆ 100ಕ್ಕೆ 90 ಮೊಳೆಯಬೇಕು, ಭತ್ತವಾದರೆ 80. "ಅದೇ ಅಂಗಡಿ, ಅದೇ ಚೀಲ, ನಮ್ಮಪ್ಪನ ಕಾಲದಿಂದ ತರುತ್ತಿದ್ದೇವೆ ಸಾಹೇಬ್ರೇ, ಪರೀಕ್ಷೆ ಯಾಕೆ?" ಎಂದು ಕೇಳುವ ಯಜಮಾನರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಅಂಗಡಿ ಹಳೆಯದು ನಿಜ, ಬೀಜ ಮಾತ್ರ ಈ ವರ್ಷದ್ದು.

ಈ ಮಾತು ಮತದಾನಕ್ಕೂ ಸಲ್ಲುತ್ತದೆ. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರಬೇಕಾಗಿದೆ. ರಾಜ್ಯದ 224 ಕ್ಷೇತ್ರಗಳಲ್ಲಿ ಕೆಲವನ್ನು ಪತ್ರಿಕೆಗಳು "ಭದ್ರಕೋಟೆ" ಎಂದು ಕರೆಯುತ್ತವೆ. ಅಂಥ ಕಡೆ ಫಲಿತಾಂಶ ಮೊದಲೇ ಗೊತ್ತು ಎಂಬ ಭಾವನೆ ಬಲವಾಗಿರುತ್ತದೆ. ಮತದಾರ ಉದಾಸೀನನಾಗುತ್ತಾನೆ, ಗೆಲ್ಲುವವರು ನಿಶ್ಚಿಂತರಾಗುತ್ತಾರೆ, ಸೋಲುವವರು ಕಾಟಾಚಾರಕ್ಕೆ ಬಂದು ಹೋಗುತ್ತಾರೆ. ನಷ್ಟ ಯಾರಿಗೆ ಎಂಬುದೇ ಈ ಲೇಖನದ ವಿಷಯ. ಸರ್ಕಾರಿ ನೌಕರನಾದ ನಾನು ಯಾರಿಗೆ ಮತ ಹಾಕಬೇಕೆಂದು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಹೇಗೆ ಲೆಕ್ಕ ಕೇಳಬೇಕೆಂದು ಹೇಳಲು ಅಡ್ಡಿಯಿಲ್ಲ.

ನಲವತ್ತು ವರ್ಷದ ಲೆಕ್ಕ

ಉದಾಹರಣೆಗೆ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರವನ್ನು ತೆಗೆದುಕೊಳ್ಳೋಣ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ, ಕದಂಬರ ಶಾಸನದ ತಾಳಗುಂದ ಎಲ್ಲವೂ ಈ ತಾಲ್ಲೂಕಿನವೇ. ಕುಮುದ್ವತಿ ನದಿ, ಅಂಜನಾಪುರ ಜಲಾಶಯ, ನೂರಾರು ಕೆರೆಗಳು. ಕೆರೆಯ ಕೆಳಗೆ ಭತ್ತ ಮತ್ತು ಅಡಿಕೆ, ಮಳೆಯಾಶ್ರಯದ ಹೊಲಗಳಲ್ಲಿ ಮುಸುಕಿನ ಜೋಳ, ಅಲ್ಲಲ್ಲಿ ಶುಂಠಿ. ಇದು ರೈತರ ಕ್ಷೇತ್ರವೆಂಬುದರಲ್ಲಿ ಎರಡು ಮಾತಿಲ್ಲ.

ಶ್ರೀ ಬಿ. ಎಸ್. ಯಡಿಯೂರಪ್ಪನವರು ಇಲ್ಲಿಂದ ಮೊದಲು ಗೆದ್ದದ್ದು 1983ರಲ್ಲಿ. ಅಂದಿನಿಂದ 2023ರ ತನಕ ಇಲ್ಲಿ 10 ಸಾರ್ವತ್ರಿಕ ಚುನಾವಣೆಗಳೂ ಒಂದು ಉಪಚುನಾವಣೆಯೂ ನಡೆದಿವೆ. ಈ 11ರಲ್ಲಿ 10 ಬಾರಿ ಗೆಲುವು ಅವರಿಗೆ ಅಥವಾ ಅವರ ಮಕ್ಕಳಿಗೆ ಸಂದಿದೆ. 1985ರಲ್ಲಿ ಅವರ ಪಕ್ಷ ಇಡೀ ರಾಜ್ಯದಲ್ಲಿ ಗೆದ್ದದ್ದು ಎರಡೇ ಸ್ಥಾನ; ಅದರಲ್ಲಿ ಒಂದು ಶಿಕಾರಿಪುರ. 2013ರಲ್ಲಿ ಅವರು ಪಕ್ಷ ಬಿಟ್ಟು ಹೊಸ ಪಕ್ಷ ಕಟ್ಟಿದಾಗಲೂ ಕ್ಷೇತ್ರ ಅವರ ಜೊತೆಗೇ ನಿಂತಿತು. ಇಲ್ಲಿಯ ಮತ ಚಿಹ್ನೆಗಿಂತ ಹೆಚ್ಚಾಗಿ ವ್ಯಕ್ತಿಗೆ ಬಿದ್ದದ್ದು ಎಂದು ಇದರಿಂದ ತಿಳಿಯುತ್ತದೆ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. 1999ರಲ್ಲಿ ಇದೇ ಮತದಾರರು ಅವರನ್ನು ಸೋಲಿಸಿದರು. 2004ರಲ್ಲಿ ಮತ್ತೆ ಗೆಲ್ಲಿಸಿದರು. 2008ರಲ್ಲಿ ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪನವರೇ ಎದುರು ನಿಂತರೂ ಯಡಿಯೂರಪ್ಪನವರ ಅಂತರ ಸುಮಾರು 46 ಸಾವಿರ. 2014ರ ಉಪಚುನಾವಣೆಯಲ್ಲಿ ಅವರ ಹಿರಿಯ ಮಗ ಶ್ರೀ ರಾಘವೇಂದ್ರ ಅವರ ಅಂತರ ಆರು ಸಾವಿರದ ಚಿಲ್ಲರೆಗೆ ಇಳಿಯಿತು. 2018ರಲ್ಲಿ ತಂದೆ ನಿಂತಾಗ 35 ಸಾವಿರಕ್ಕೆ ಏರಿತು. 2023ರ ಮಾರ್ಚ್‌ನಲ್ಲಿ ಒಳಮೀಸಲಾತಿಯ ಶಿಫಾರಸಿನ ವಿರುದ್ಧ ತಾಂಡಾಗಳ ಜನ ಶಿಕಾರಿಪುರದ ಬೀದಿಗಿಳಿದರು. ಆ ಮೇ ತಿಂಗಳ ಚುನಾವಣೆಯಲ್ಲಿ ಕಿರಿಯ ಮಗ ಶ್ರೀ ವಿಜಯೇಂದ್ರ ಅವರು ಗೆದ್ದರಾದರೂ ಅಂತರ 11 ಸಾವಿರ ಮಾತ್ರ. ಎದುರಿಗೆ ಹತ್ತಿರ ಬಂದವರು ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತವರು.

ಗೆಲುವು ಅದೇ ಮನೆಗೆ, ಅಂತರ ಮಾತ್ರ ಕೆರೆಯ ನೀರಿನಂತೆ ಏರಿಳಿದಿದೆ. ಭದ್ರಕೋಟೆ ಎಂಬುದು ಹೊರಗಿನವರು ಕೊಟ್ಟ ಹೆಸರು. ಒಳಗಿನ ಮತದಾರ ಪ್ರತಿ ಸಲವೂ ಏನೋ ಒಂದನ್ನು ತೂಗಿ ನೋಡಿದ್ದಾನೆ.

ಬಂದದ್ದು ಮತ್ತು ಬಾರದ್ದು

ಕ್ಷೇತ್ರ ಇಷ್ಟು ಕಾಲ ಒಬ್ಬರನ್ನು ನಂಬಿದ್ದಕ್ಕೆ ಕಾರಣವಿಲ್ಲದಿಲ್ಲ. ಬಗರ್ ಹುಕುಂ ಸಾಗುವಳಿದಾರರ ಪರವಾದ ಹೋರಾಟದಿಂದ ಬೆಳೆದ ನಾಯಕರು ಅವರು. 2011ರಲ್ಲಿ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದರು. ಸಹಕಾರ ಸಂಘಗಳ ಬೆಳೆಸಾಲಕ್ಕೆ ಶೇ. 1ರ ಬಡ್ಡಿ ಘೋಷಣೆಯಾದದ್ದು ಅದರಲ್ಲಿಯೇ. ಉಡುಗಣಿ, ತಾಳಗುಂದ, ಹೊಸೂರು ಹೋಬಳಿಗಳ ಕೆರೆಗಳಿಗೆ ತುಂಗಭದ್ರೆಯ ನೀರೆತ್ತುವ ಯೋಜನೆ ಬಂತು. ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಮಾರ್ಗಕ್ಕೆ 2023ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾಯಿತು. ಕ್ಷೇತ್ರದಿಂದ ಮುಖ್ಯಮಂತ್ರಿಯಾದವರು ಬಂದರೆ ಇಂಥ ಕೆಲಸಗಳಿಗೆ ದಾರಿ ಸುಲಭ, ಇದನ್ನು ಅಲ್ಲಗಳೆಯುವಂತಿಲ್ಲ.

ಆದರೂ ಕೆಲವನ್ನು ಯಾರ ಪ್ರಭಾವವೂ ತಡೆಯಲಾಗಲಿಲ್ಲ. 2008ರ ಮೇ ತಿಂಗಳಲ್ಲಿ ರೈತರ ಹೆಸರಿನಲ್ಲಿ ಪ್ರಮಾಣವಚನವಾಯಿತು. ಮುಂದಿನ ಜೂನ್‌ನಲ್ಲೇ ಪಕ್ಕದ ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗೆ ಬಂದ ರೈತರ ಮೇಲೆ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಬಿತ್ತನೆಯ ವಾರದಲ್ಲಿ ಗೊಬ್ಬರದ ಚೀಲ ಸಿಗದಿದ್ದರೆ ಬಜೆಟ್ಟಿನ ಪುಟದಿಂದ ಬೆಳೆ ಬರುವುದಿಲ್ಲ.

ಇನ್ನೊಂದು ಉದಾಹರಣೆ ನನ್ನ ವೃತ್ತಿಗೆ ಹತ್ತಿರದ್ದು. 2018ರ ಮೇ ತಿಂಗಳಲ್ಲಿ ಮತ ಎಣಿಕೆ ನಡೆಯಿತು. ಅದೇ ತಿಂಗಳಲ್ಲಿ ಶಿವಮೊಗ್ಗ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುಸುಕಿನ ಜೋಳದಲ್ಲಿ ಅಮೆರಿಕದ ಫಾಲ್ ಸೈನಿಕ ಹುಳುವನ್ನು ಗುರುತಿಸಿದರು. ಭಾರತದಲ್ಲಿ ಅದು ಕಂಡದ್ದು ಅದೇ ಮೊದಲು. ಸುಳಿಯೊಳಗೆ ಕೂತು ತಿನ್ನುವ ಆ ಹುಳು ಗೆದ್ದ ಪಕ್ಷದ ಹೊಲ, ಸೋತ ಪಕ್ಷದ ಹೊಲ ಎಂದು ಬೇರೆ ಮಾಡಲಿಲ್ಲ. ಆಗ ರೈತನಿಗೆ ಬೇಕಾದದ್ದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಸಾಕಷ್ಟು ಸಿಬ್ಬಂದಿ, ಸಕಾಲದ ಸಲಹೆ, ಸರಿಯಾದ ಔಷಧ. ಇವು ಫಲಕ ಹಾಕಿ ಉದ್ಘಾಟಿಸುವ ಕೆಲಸಗಳಲ್ಲ. ಆದ್ದರಿಂದ ಯಾರೂ ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಬೆಲೆಯ ಮಾತೂ ಹಾಗೆಯೇ. 2025-26ರ ಹಂಗಾಮಿಗೆ ಮುಸುಕಿನ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಪ್ರಕಟವಾಯಿತು. ಪೇಟೆಯಲ್ಲಿ ಅದಕ್ಕಿಂತ ಬಹಳ ಕೆಳಗೆ ಮಾರಬೇಕಾಗಿ ಬಂದು ರೈತರು 2025ರಲ್ಲಿ ಪ್ರತಿಭಟನೆಗೆ ಇಳಿದರು. ಬೆಲೆ ನಿಗದಿ ದೆಹಲಿಯದು, ಖರೀದಿ ಬೆಂಗಳೂರಿನದು ಎಂದು ಜವಾಬ್ದಾರಿ ಕೈಯಿಂದ ಕೈಗೆ ಹೋಯಿತು. ಕ್ಷೇತ್ರ ಭದ್ರವಾದರೆ ಧಾರಣೆಯೂ ಭದ್ರವಾಗುತ್ತದೆ ಎಂದು ಯಾವ ಶಾಸನವೂ ಇಲ್ಲ.

ಅಂತರವೇ ರೈತನ ಆಸ್ತಿ

ಕೆಲವು ಹಳ್ಳಿಗಳಲ್ಲಿ ಯುವಕರು ಹೇಳುವುದುಂಟು: "ಹೇಗೂ ಅವರೇ ಗೆಲ್ಲೋದು, ನಾನು ಕೆಲಸ ಬಿಟ್ಟು ಬಂದು ಓಟು ಹಾಕಿ ಏನಾಗಬೇಕು?" ಇದು ದೊಡ್ಡ ತಪ್ಪು. ಭದ್ರ ಕ್ಷೇತ್ರದಲ್ಲಿ ನಿಮ್ಮ ಒಂದು ಮತದಿಂದ ಶಾಸಕರು ಬದಲಾಗದಿರಬಹುದು, ಅಂತರ ಬದಲಾಗುತ್ತದೆ. 46 ಸಾವಿರದಲ್ಲಿ ಗೆದ್ದವರಿಗೆ ಅರ್ಜಿ ಓದಲು ಅವಸರವಿಲ್ಲ. 11 ಸಾವಿರದಲ್ಲಿ ಗೆದ್ದವರು ಪ್ರತಿ ಬೂತಿನ ಲೆಕ್ಕ ತೆಗೆಯುತ್ತಾರೆ, ಯಾವ ಊರು ಯಾಕೆ ಮುನಿದಿದೆ ಎಂದು ಕೇಳಿಸುತ್ತಾರೆ. ಮೆಚ್ಚಿದವರು ಮೆಚ್ಚುಗೆಯನ್ನೂ, ಮೆಚ್ಚದವರು ಅಸಮಾಧಾನವನ್ನೂ ಪೆಟ್ಟಿಗೆಯಲ್ಲೇ ಹೇಳಬೇಕು. ಮನೆಯಲ್ಲಿ ಕೂತವನ ಮೌನವನ್ನು ಯಾರೂ ಎಣಿಸುವುದಿಲ್ಲ.

ಇನ್ನೊಂದು ಸಂಗತಿ ಗಮನಿಸಿ. 2021ರಲ್ಲಿ ಅವಧಿ ಮುಗಿದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನಡುವಿನ ಎರಡು ಮೆಟ್ಟಿಲು ಹೀಗೆ ಖಾಲಿ ಬಿದ್ದಾಗ ಗ್ರಾಮ ಪಂಚಾಯಿತಿಯನ್ನು ದಾಟಿದ ಅಹವಾಲಿಗೆಲ್ಲ ಶಾಸಕರೊಬ್ಬರೇ ಗತಿ. ಅಂಥಲ್ಲಿ ಅವರನ್ನು ಪ್ರಶ್ನಿಸುವ ರೂಢಿಯೂ ಇಲ್ಲದಿದ್ದರೆ ರೈತನಿಗೆ ಉಳಿಯುವುದು ಶಿಫಾರಸು ಪತ್ರಕ್ಕಾಗಿ ಕಾಯುವ ಸಾಲು ಮಾತ್ರ.

ವಾಚನಾಲಯದಲ್ಲಿ ಮಾಡಬಹುದಾದದ್ದು

ಇದಕ್ಕೆ ಖರ್ಚಿಲ್ಲದ ಒಂದು ಕ್ರಮವುಂಟು. ಚುನಾವಣೆಗೆ ಆರು ತಿಂಗಳು ಮೊದಲು ಊರಿನ ವಾಚನಾಲಯದಲ್ಲಿ ಎಲ್ಲ ಕೇರಿಯವರೂ ಸೇರಿ. ಹೆಣ್ಣುಮಕ್ಕಳನ್ನೂ ಕೂಲಿಯವರನ್ನೂ ಕರೆಯಿರಿ. ಊರಿಗೆ ಬೇಕಾದ ಐದೇ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. "ಅಭಿವೃದ್ಧಿಯಾಗಲಿ" ಎಂದು ಬರೆಯಬೇಡಿ. ಯಾವ ಕೆರೆಯ ಹೂಳು, ಯಾವ ಕಾಲುವೆಯ ಕೊನೆಯ ತೂಬು, ಸಂಪರ್ಕ ಕೇಂದ್ರದ ಯಾವ ಖಾಲಿ ಹುದ್ದೆ, ಯಾವ ತಿಂಗಳೊಳಗೆ ಖರೀದಿ ಕೇಂದ್ರ ಎಂದು ಬಿಡಿಸಿ ಬರೆಯಿರಿ. ಮತ ಕೇಳಲು ಬಂದ ಪ್ರತಿ ಅಭ್ಯರ್ಥಿಗೂ ಅದೇ ಹಾಳೆಯನ್ನು ಓದಿ ಹೇಳಿ, ಅವರ ಉತ್ತರವನ್ನು ದಿನಾಂಕ ಹಾಕಿ ಗುರುತು ಮಾಡಿಕೊಳ್ಳಿ. ಗೆದ್ದವರ ಉತ್ತರವಿರುವ ಹಾಳೆಯನ್ನು ಗೋಡೆಗೆ ಅಂಟಿಸಿ, ವರ್ಷಕ್ಕೊಮ್ಮೆ ಆದದ್ದರ ಮುಂದೆ ಗೀಟು ಹಾಕಿ. ಐದನೆಯ ವರ್ಷ ಎಷ್ಟು ಮೊಳೆತಿದೆ ಎಂದು ಎಣಿಸಿ.

ಐದಕ್ಕೆ ನಾಲ್ಕು ಮೊಳೆತಿದ್ದರೆ ಅದೇ ಬೀಜವನ್ನು ಮತ್ತೆ ಬಿತ್ತಲು ಯಾರ ಅಪ್ಪಣೆಯೂ ಬೇಕಿಲ್ಲ. ಒಂದೇ ಮೊಳೆತಿದ್ದರೆ ಏನು ಮಾಡಬೇಕೆಂದು ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.